ಸೆನೆಟ್ಟಿಗೆ ನಿಂತ ಸೊಸೆ

"ಇವತ್ತು ಎಷ್ಟು ಜನರನ್ನ ನೋಡ್ದೆ?" ಬಾಗಿಲು ತೆಗೆಯುತ್ತಲೇ ಅತ್ತೆ ಕೇಳಿದರು.

"ಹನ್ನೊಂದು ಜನ."

"ಏನಂದೆ ಅವರಿಗೆ?"

ಸೊಸೆ ಚಪ್ಪಲಿ ಬಿಟ್ಟು ಕರಪತ್ರಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. "ಸೆನೆಟ್ ಚುನಾವಣೆಗೆ ನಿಂತಿದ್ದೀನಿ, ನಿಮಗೆ ಯಾರು ಸರಿ ಅನ್ನಿಸ್ತಾರೋ ಅವರಿಗೇ ಹಾಕಿ ಅಂದೆ."

"ಅಷ್ಟು ಹೇಳೋಕೆ ಮೂರು ಮಹಡಿ ಹತ್ತಿದ್ಯಾ?"

ಪೇಪರ್ ಓದುತ್ತಿದ್ದ ಗಂಡ ಕಿಸಕ್ಕನೆ ನಕ್ಕ. ಅಮ್ಮನ ಕಣ್ಣು ತನ್ನ ಕಡೆ ತಿರುಗಿದ್ದೇ ತಡ, ಪೇಪರಿನ ಹಿಂದೆ ಮರೆಯಾದ.

ಅತ್ತೆ ದೊಡ್ಡಾಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದವರು, ನರ್ಸುಗಳ ಸಂಘಕ್ಕೆ ಮೂರು ಸಲ ಕಾರ್ಯದರ್ಶಿಯಾಗಿ ಗೆದ್ದವರು. ಈಗ ಮಂಡಿನೋವು, ಹೊರಗೆ ಕಾಲಿಡುವುದೇ ಅಪರೂಪ. ಬಾಯಿ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ಹತ್ತೊಂಬತ್ತು ವರ್ಷಗಳಲ್ಲಿ ಸೊಸೆಯನ್ನು ಒಮ್ಮೆಯೂ ಹೊಗಳಿದವರಲ್ಲ. ಅಡುಗೆ ರುಚಿಯಾಗಿದ್ದರೆ ಸುಮ್ಮನೆ ಇನ್ನೊಮ್ಮೆ ಬಡಿಸಿಕೊಳ್ಳುತ್ತಿದ್ದರು, ಅಷ್ಟೇ.

ಸೊಸೆ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದಳು. ಬಾಯಿಬಿಟ್ಟು ಯಾರ ಹತ್ತಿರವೂ ಏನನ್ನೂ ಕೇಳಿದವಳಲ್ಲ. ಅಂಥವಳು ಚುನಾವಣೆಗೆ ನಿಲ್ಲಲು ಕಾರಣವಿತ್ತು. ಹಿಂದಿನ ವರ್ಷ, ದಿನಕ್ಕೆ ಮೂವತ್ತು ಉತ್ತರಪತ್ರಿಕೆ ತಿದ್ದಬೇಕೆಂಬ ನಿಯಮವನ್ನು ಐವತ್ತಕ್ಕೆ ಏರಿಸಿದ್ದರು. ಫಲಿತಾಂಶ ಬಂದಾಗ ಅವಳ ತರಗತಿಯ ಜಾಣೆಯೊಬ್ಬಳು ಗಣಿತದಲ್ಲೇ ಫೇಲಾಗಿದ್ದಳು. ಪತ್ರಿಕೆ ತರಿಸಿ ನೋಡಿದರೆ ಕೊನೆಯ ನಾಲ್ಕು ಪುಟಗಳ ಮೇಲೆ ಕೆಂಪು ಶಾಯಿಯ ಒಂದು ಚುಕ್ಕೆಯೂ ಇಲ್ಲ. ಅವನ್ನು ಯಾರೂ ತಿರುವಿಯೇ ಇರಲಿಲ್ಲ.

ಅದನ್ನು ಹಿಡಿದುಕೊಂಡು, ಇಂಥ ನಿಯಮಗಳನ್ನು ಮಾಡುವ ವಿಶ್ವವಿದ್ಯಾಲಯದ ಸೆನೆಟ್ ಸಭೆಗೆ ಹೋದಳು. ಗೋಡೆ ಬದಿಯ ಬೆಂಚಿನಲ್ಲಿ ಎರಡು ಗಂಟೆ ಕಾದು, ಕೊನೆಗೆ ಎದ್ದು ಬಾಯಿ ತೆರೆದಾಗ ಡೀನ್ ನಗುನಗುತ್ತಲೇ ಕೈ ಅಡ್ಡ ಹಿಡಿದರು. "ಮೇಡಂ, ಇಲ್ಲಿ ಸದಸ್ಯರಿಗೆ ಮಾತ್ರ ಮಾತಾಡೋ ಅವಕಾಶ."

ಸೆನೆಟ್ಟಿನ ಅಧ್ಯಾಪಕರ ಸ್ಥಾನಕ್ಕೆ ಚುನಾವಣೆ ಘೋಷಣೆಯಾದ ದಿನವೇ ಅವಳು ನಾಮಪತ್ರ ಕೊಟ್ಟಳು. ಎದುರಾಳಿ, ಒಂಬತ್ತು ವರ್ಷಗಳಿಂದ ಆ ಕುರ್ಚಿ ಬಿಡದೆ ಕೂತಿದ್ದ ಹಿರಿಯ ಪ್ರೊಫೆಸರ್, ಡೀನ್‌ಗೆ ತೀರಾ ಬೇಕಾದವರು.

"ಸಂಕೋಚ ಆಗುತ್ತೆ ಅತ್ತೆ. ನನಗೇ ಹಾಕಿ ಅಂತ ಹೇಗೆ ಕೇಳೋದು?"

"ಸೂಜಿ ಚುಚ್ಚೋವಾಗ ರೋಗಿಗೆ 'ನಿಮಗೆ ಸರಿ ಅನ್ನಿಸಿದ ಕಡೆ ಚುಚ್ಚಿಸ್ಕೊಳಿ' ಅಂತಿದ್ನಾ ನಾನು? ಮುಖ ನೋಡಿ ಹೇಳು, 'ನನಗೆ ವೋಟು ಕೊಡಿ.' ಮೂರೇ ಪದ. ಎಲ್ಲಿ, ನನ್ನ ಹತ್ರ ಕೇಳು ನೋಡೋಣ."

"ನನಗೆ..." ಎಂದವಳಿಗೆ ನಗು ಬಂದುಬಿಟ್ಟಿತು.

ಅತ್ತೆ ನಗಲಿಲ್ಲ. "ಇನ್ನೊಂದ್ಸಲ."

ಒಳಗೆ ಕುಕ್ಕರ್ ಕೂಗಿ ಕೂಗಿ ಸುಮ್ಮನಾಯಿತು. ಮೂರು ಪದ ಒಟ್ಟಿಗೆ ಬರಲೇ ಇಲ್ಲ.

ನಾಮಪತ್ರ ವಾಪಸು ಪಡೆಯುವ ಕೊನೆಯ ದಿನ ಡೀನ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು.

"ಕೂತ್ಕೊಳಿ ಮೇಡಂ. ನಿಮ್ಮ ಪಾಠದ ಬಗ್ಗೆ ಎರಡು ಮಾತಿಲ್ಲ. ಆದ್ರೆ ಈ ರಾಜಕೀಯ ಎಲ್ಲ ನಿಮಗ್ಯಾಕೆ? ಸಂಜೆ ಐದರವರೆಗೂ ಸಮಯ ಇದೆ, ಹೆಸರು ವಾಪಸ್ ತಗೊಳಿ. ಮುಂದಿನ ವರ್ಷ ನಿಮ್ಮ ವಿಭಾಗದ ಮುಖ್ಯಸ್ಥರು ರಿಟೈರ್ ಆಗ್ತಾರೆ. ನಾನಿದೀನಲ್ಲ, ನೋಡ್ಕೋತೀನಿ."

ಮುಖ್ಯಸ್ಥರ ಕೋಣೆಯ ದೊಡ್ಡ ಕಿಟಕಿ, ಅದರಾಚೆಯ ಮರ ಒಂದು ಕ್ಷಣ ಅವಳ ಕಣ್ಣ ಮುಂದೆ ಬಂದದ್ದು ನಿಜ. ಬೆನ್ನಿಗೇ ಆ ನಾಲ್ಕು ಪುಟಗಳು ಬಂದವು. ಎದ್ದು ನಿಂತಳು.

"ಸರ್, ಮತದಾರರ ಪಟ್ಟೀಲಿ ನೀವೂ ಇದೀರಲ್ವಾ?"

"ಇದೀನಿ. ಯಾಕೆ?"

"ನನಗೆ ವೋಟು ಕೊಡಿ."

ಡೀನ್ ಕೈಯಿಂದ ಪೆನ್ನಿನ ಮುಚ್ಚಳ ಜಾರಿ ನೆಲಕ್ಕೆ ಬಿತ್ತು. ಅವಳೇ ಬಗ್ಗಿ ಎತ್ತಿ ಮೇಜಿನ ಮೇಲಿಟ್ಟು, "ಬರ್ತೀನಿ ಸರ್," ಎಂದು ಹೊರಬಂದಳು. ಮೆಟ್ಟಿಲಲ್ಲಿ ಎದುರಾದ ಭೂಗೋಳದ ಮೇಷ್ಟ್ರನ್ನು ನಿಲ್ಲಿಸಿ, ಅವರ ಮುಖ ನೋಡಿ ಅದೇ ಮೂರು ಪದ ಹೇಳಿದಳು.

"ಕೊಡೋಣಂತೆ ಮೇಡಂ," ಎಂದರು ಮೇಷ್ಟ್ರು. "ಒಂಬತ್ತು ವರ್ಷದಲ್ಲಿ ಆ ಮನುಷ್ಯ ಒಂದು ದಿನ ಬಂದು ಕೇಳಿದ್ದಿಲ್ಲ."

ಮುಂದಿನ ಹತ್ತು ದಿನ ಅವಳು ಹತ್ತದ ಮಹಡಿಯಿಲ್ಲ, ತಟ್ಟದ ಬಾಗಿಲಿಲ್ಲ.

ಎಣಿಕೆಯ ದಿನ ಅತ್ತೆ ಹಠ ಹಿಡಿದು ಜೊತೆಗೆ ಬಂದರು. ಸಭಾಂಗಣದ ಕೊನೆಯ ಸಾಲಿನಲ್ಲಿ ಮಂಡಿ ನೀವಿಕೊಳ್ಳುತ್ತ ಕೂತು, ಮತಪತ್ರಗಳನ್ನು ಐವತ್ತರ ಕಟ್ಟು ಕಟ್ಟುವವರ ಕೈಗಳಿಂದ ಕಣ್ಣು ಕೀಳಲಿಲ್ಲ. ಎದುರಾಳಿಗೆ ನೂರ ಮೂವತ್ತೇಳು. ಸೊಸೆಗೆ ನೂರ ನಲವತ್ಮೂರು. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಹಲವರು. ಜನರನ್ನು ದಾಟಿಕೊಂಡು ಬಂದ ಸೊಸೆಯನ್ನು ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೂಂ. ನಡಿ, ಬಸ್ಸು ಹೋಗಿಬಿಡುತ್ತೆ."

ಬಸ್ಸಿನಲ್ಲಿ ಇಬ್ಬರಿಗೂ ಅಕ್ಕಪಕ್ಕ ಜಾಗ ಸಿಕ್ಕಿತು. ಎರಡು ನಿಲ್ದಾಣ ಕಳೆದ ಮೇಲೆ ಅತ್ತೆ ಇದ್ದಕ್ಕಿದ್ದಂತೆ ಮುಂದಿನ ಸೀಟಿನ ಅಪರಿಚಿತ ಹೆಂಗಸಿನ ಭುಜ ತಟ್ಟಿದರು.

"ಇವಳು ನನ್ನ ಸೊಸೆ. ಯೂನಿವರ್ಸಿಟಿ ಸೆನೆಟ್ಟಿಗೆ ಇವತ್ತು ಗೆದ್ಲು. ಹೆಸರು ವಾಪಸ್ ತಗೋ ಅಂದ ಡೀನ್ ಹತ್ರಾನೇ ವೋಟು ಕೇಳಿ ಬಂದವಳು."

"ಹೌದಾ! ಎಷ್ಟು ವೋಟಲ್ಲಿ?"

"ಅರವತ್ತು!"

ಆರೇ ಆರು ಎನ್ನಲು ಸೊಸೆ ಬಾಯಿ ತೆರೆದಳು. ಅತ್ತೆಯ ಮುಖ ನೋಡಿ ಮುಚ್ಚಿಕೊಂಡಳು. ಆ ಹೆಂಗಸು ಪೂರ್ತಿ ಹಿಂದಕ್ಕೆ ತಿರುಗಿ, ಕಣ್ಣರಳಿಸಿ ಅವಳನ್ನೇ ನೋಡತೊಡಗಿದಳು. ಪಕ್ಕದ ಸಾಲಿನವರೂ ಕತ್ತು ಚಾಚಿದರು. ಸೊಸೆ ಕೈಚೀಲವನ್ನು ತೊಡೆಯ ಮೇಲೆ ಸರಿಯಾಗಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಬಸ್ಸು ತಿರುವಿನಲ್ಲಿ ವಾಲಿದಾಗ ಅತ್ತೆಯ ಕೈ ಅವಳ ಮೊಣಕೈಯನ್ನು ಹಿಡಿದುಕೊಂಡಿತು. ರಸ್ತೆ ನೇರವಾದ ಮೇಲೂ ಅದು ಅಲ್ಲೇ ಇತ್ತು.