ಗೆರೆ ಬೀಳದ ಗೋಲ್‌ಕೀಪರ್

ಟೆಲಿಫೋನ್ ಕಾರ್ಡು ಕೂಡಿಡುವ ನಾವು ತಲೆಕೆಟ್ಟ ಮಂದಿ. ಮಾತಾಡಲೆಂದೇ ಮಾಡಿದ ವಸ್ತು, ಅದರಲ್ಲಿ ಯಾರೂ ಒಂದು ಮಾತೂ ಆಡಿರಬಾರದು ಎನ್ನುತ್ತೇವೆ. ಟೆಲಿಫೋನ್ ಬೂತುಗಳ ಕಾಲದಲ್ಲಿ ಕಾರ್ಡು ತೂರಿಸಿ ಕರೆ ಮಾಡಿದಾಗಲೆಲ್ಲ ಯಂತ್ರ ಅದರ ಅಂಚಿನಲ್ಲಿ ಸಣ್ಣದೊಂದು ಕಪ್ಪು ಗೆರೆ ಸುಡುತ್ತಿತ್ತು. ಗೆರೆ ಬಿತ್ತೋ, ನಮ್ಮ ಪಾಲಿಗೆ ಆ ಕಾರ್ಡು ಸತ್ತಂತೆ.

ನನ್ನ ಕನ್ನಡಕದ ಅಂಗಡಿಯಲ್ಲಿ ಮೂರು ಆಲ್ಬಮ್ ತುಂಬ ಕಾರ್ಡುಗಳಿವೆ, ಒಂದೊಂದರ ಮೇಲೂ ಒಬ್ಬೊಬ್ಬ ಆಟಗಾರರ ಚಿತ್ರ. ಓಟಗಾರರು, ಈಜುಗಾರ್ತಿಯರು, ಮೂಗು ಮುರಿದ ಒಬ್ಬ ಬಾಕ್ಸರ್. ಎಲ್ಲಕ್ಕೂ ಮಿಗಿಲಾದದ್ದು ಒಂದು ಫುಟ್‌ಬಾಲ್ ತಂಡದ ಹನ್ನೊಂದರ ಸೆಟ್ಟು. ಹತ್ತು ಜನರನ್ನು ನಾನೇ ಹೇಗೋ ಗಿಟ್ಟಿಸಿದ್ದೆ. ಗಾಳಿಯಲ್ಲಿ ಅಡ್ಡಡ್ಡ ಹಾರಿದ ಗೋಲ್‌ಕೀಪರ್ ಮಾತ್ರ ಅಕ್ಕ ಕೊಟ್ಟವನು.

ನನಗಾಗ ಹತ್ತೊಂಬತ್ತು. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳೇ ಅಕ್ಕ. ದೂರದ ಊರಿನ ಬಟ್ಟೆ ಮಿಲ್ಲಿಗೆ ಕೆಲಸಕ್ಕೆ ಹೊರಟಾಗ ಬಸ್ಸಿನ ಕಿಟಕಿಯಿಂದ ಕಾರ್ಡು ಚಾಚಿದಳು.

"ತಗೋ, ನಿನ್ನ ಗೋಲ್‌ಕೀಪರ್ ಸಿಕ್ಕಿದ. ಭಾನುವಾರ ಬೆಳಿಗ್ಗೆ ಮಿಲ್ಲಿನ ಹಾಸ್ಟೆಲ್ಲಿಗೆ ಫೋನ್ ಮಾಡು. ಪಕ್ಕದಲ್ಲೇ ಕೂತಿರ್ತೀನಿ."

ಭಾನುವಾರ ಬೂತಿಗೆ ಹೋದೆ. ಕಾರ್ಡನ್ನು ಯಂತ್ರದ ಬಾಯಿಯವರೆಗೂ ಒಯ್ದೆ. ತೂರಿಸಲು ಮನಸ್ಸು ಬರಲಿಲ್ಲ. ಬೇರೆ ಕಾರ್ಡು ಕೊಂಡು ಮುಂದಿನ ವಾರ ಮಾಡೋಣ ಎಂದುಕೊಂಡೆ. ನಾಳೆ ಎಂದವನ ಮನೆ ಹಾಳು ಅಂತ ಸುಮ್ಮನೆ ಹೇಳುತ್ತಾರೆಯೇ? ತಿಂಗಳುಗಳು ಕಳೆದವು. ಫೋನು ಯಾಕೆ ಬರಲಿಲ್ಲವೆಂದು ಅವಳ ಕಾಗದ ಬಂತು. ಭಾನುವಾರ ಆಗಲಿಲ್ಲ, ವಾರದ ನಡುವೆ ನಾಲ್ಕು ಸಲ ಮಾಡಿದೆ, ವಾರ್ಡನ್ ಎತ್ತಿ ನೀನಿಲ್ಲ ಅಂದರು, ಕಾರ್ಡೇ ಖಾಲಿಯಾಯಿತು ಎಂದು ಬರೆದು ಕೈತೊಳೆದುಕೊಂಡೆ.

ಆಮೇಲೆ ಅವಳು ಕೇಳಲಿಲ್ಲ. ಅಲ್ಲೇ ಮದುವೆ, ಅಲ್ಲೇ ಮಕ್ಕಳು. ಮೂವತ್ತು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತು ಅವಳ ಕಿವಿ ಹೋಯಿತು. ಈಗ ಫೋನು ನನ್ನ ಜೇಬಿನಲ್ಲೇ ಇದೆ, ಮಾಡಿದರೆ ಅವಳಿಗೆ ಕೇಳಿಸುವುದಿಲ್ಲ. ಆಗಿನ ವಯಸ್ಸಿನ ಅಕ್ಕ ಒಂದೇ ಒಂದು ಸಲ "ಹಲೋ" ಅನ್ನಲಿ ಎಂದು ಜೀವ ಹಂಬಲಿಸುತ್ತದೆ.

ಕಳೆದ ವಾರ ಅಕ್ಕ ಕನ್ನಡಕ ಮಾಡಿಸಲು ಬಂದಿದ್ದಳು. ನಾನು ಗಾಜು ಕೂರಿಸುತ್ತಿದ್ದಾಗ ಸುಮ್ಮನೆ ಆಲ್ಬಮ್ ತಿರುವುತ್ತಿದ್ದಳು. ಕನ್ನಡಕ ಅವಳ ಮೂಗಿಗೆ ಏರಿಸಿದೆ. ಅದರಲ್ಲಿ ಅವಳು ಮೊದಲು ಕಂಡದ್ದೇ ಗೋಲ್‌ಕೀಪರನನ್ನು.

"ಒಂದು ಗೆರೆನೂ ಇಲ್ವಲ್ಲೋ," ಎಂದಳು. "ಖಾಲಿ ಆಯ್ತು ಅಂತ ಬರ್ದಿದ್ದೆ?"

ನಾನು ಆಲ್ಬಮ್ ಮುಚ್ಚಲು ಕೈ ಚಾಚಿದೆ; ಅವಳು ಬಿಡಲಿಲ್ಲ.

"ಆ ವಾರ್ಡನ್ ಮೇಲೆ ಸಿಟ್ಟು ಮಾಡ್ಕೊಂಡು, ವರ್ಷಗಟ್ಟಲೆ ಮಾತು ಬಿಟ್ಟಿದ್ದೆ. ಪಾಪ, ಸಾಯೋವರೆಗೂ ಆಯಮ್ಮನಿಗೆ ಯಾಕೇಂತ ಗೊತ್ತಾಗಲಿಲ್ಲ."

"ತಪ್ಪಾಯ್ತಕ್ಕ," ಎಂದೆ. ನನ್ನ ತುಟಿ ನೋಡಿಯೇ ಅವಳಿಗೆ ತಿಳಿಯಿತು.

ಅಕ್ಕ ಆಲ್ಬಮ್ ಮುಚ್ಚಿದಳು. ಆಮೇಲೆ ಕುರ್ಚಿ ಎಳೆದುಕೊಂಡು, ಅಷ್ಟೋ ಇಷ್ಟೋ ಕೇಳಿಸುವ ಎಡಗಿವಿಯನ್ನು ನನ್ನತ್ತ ಚಾಚಿದಳು.

"ಈಗ ಹೇಳು. ಅವತ್ತು ಮಾಡಿದ್ದಿದ್ರೆ ಏನಂತಿದ್ದೆ?"

"ಚೆನ್ನಾಗಿದ್ದೀಯಾ ಅಂತ ಕೇಳ್ತಿದ್ದೆ."

"ಕೇಳಿಸ್ಲಿಲ್ಲ. ಜೋರಾಗಿ."

ನಾನಂದದ್ದು ಸುಳ್ಳೆಂದು ನನಗೂ ಗೊತ್ತಿತ್ತು. ಬಾಗಿ, ಇದ್ದಷ್ಟು ದನಿಯೆತ್ತಿ ಕಿರುಚಿದೆ: "ವಾಪಸ್ ಬಾ ಅಕ್ಕಾ! ನೀನಿಲ್ದೆ ಮನೇಲಿ ಇರಕ್ಕಾಗ್ತಿಲ್ಲ!"

ಪಕ್ಕದಂಗಡಿಯ ಟೈಲರ್ ಮಿಷನ್ ನಿಲ್ಲಿಸಿ ಇಣುಕಿದ.

ಅಕ್ಕ ಹೊಸ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

"ಅಷ್ಟಂದಿದ್ರೆ ಸಾಕಿತ್ತು ಕಣೋ," ಎಂದಳು. "ಹಾಸ್ಟೆಲ್ಲಲ್ಲಿ ಎರಡು ತಿಂಗಳು ಪೆಟ್ಟಿಗೆ ಬಿಚ್ಚೇ ಇರಲಿಲ್ಲ ನಾನು."