ಟೇಲರಕ್ಕನ ಹಿತ್ತಲಿಗೆ ಎಷ್ಟು ಹುಂಜ ಬೇಕು?

ಬೆಳಕು ಹರಿಯುವ ಮೊದಲೇ ಟೇಲರಕ್ಕನ ಹಿತ್ತಲಲ್ಲಿ ಜಗಳ ಶುರುವಾಗುತ್ತಿತ್ತು. ಮನುಷ್ಯರದ್ದಲ್ಲ, ಹುಂಜಗಳದ್ದು. ಗೋಡೆಯ ಮೇಲಿಂದ ಒಂದು ಕೂಗಿದರೆ ನೀರಿನ ತೊಟ್ಟಿಯ ಮೇಲಿನದು ಸುಮ್ಮನಿರುತ್ತದೆಯೇ? ಅದು ಕೂಗಿದರೆ ಸೌದೆ ರಾಶಿಯ ಮೇಲಿನದಕ್ಕೆ ಅವಮಾನ! ಬೀದಿಯ ಆ ತುದಿಯವರೂ ಕಿವಿ ಮುಚ್ಚಿಕೊಳ್ಳಬೇಕು. ಸರಿಯಾಗಿ ಅದೇ ಹೊತ್ತಿಗೆ ಟೇಲರಕ್ಕನ ಗಂಡ, ರಾತ್ರಿಯಿಡೀ ಬೇಕರಿಯಲ್ಲಿ ಹಿಟ್ಟು ನಾದಿ, ಮಲಗಲೆಂದು ಮನೆಗೆ ಬರುತ್ತಿದ್ದ.

ಒಂದು ದಿನ ಅವನ ತಾಳ್ಮೆ ಕೆಟ್ಟೇ ಹೋಯಿತು.

"ನೋಡೇ, ಕೈ ಮುಗೀತೀನಿ. ಬರೋ ಭಾನುವಾರದೊಳಗೆ ಇವಕ್ಕೊಂದು ದಾರಿ ಮಾಡು. ಇಲ್ಲಾಂದ್ರೆ ಹುಂಜ, ಹೇಂಟೆ ಅಂತ ನೋಡಲ್ಲ, ಎಲ್ಲಾನೂ ಬುಟ್ಟಿಗೆ ತುಂಬಿ ಸಂತೆಗೆ ಒಯ್ದುಬಿಡ್ತೀನಿ."

ಕೋಳಿ ಸಾಕುವುದನ್ನು ಟೇಲರಕ್ಕ ಬಿಟ್ಟಾಳೆಯೇ? ಎಷ್ಟು ವರ್ಷದ ಆಸೆ ಅದು! ಅವಳ ಅಮ್ಮನ ಹಿತ್ತಲಲ್ಲಿ ಸದಾ ಕೋಳಿಗಳಿದ್ದವು. ಮುರುಕು ಬುಟ್ಟಿಯೊಳಗೆ ಕೈ ಹಾಕಿ, ಆಗ ತಾನೇ ಇಟ್ಟ ಮೊಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡರೆ ಆ ಬಿಸಿ ಎಷ್ಟು ಹಿತ! ಅಮ್ಮ ಸೆರಗಿನಲ್ಲಿ ಕಾಳು ಕಟ್ಟಿಕೊಂಡು "ಬಾ ಬಾ ಬಾ" ಎಂದರೆ ಸಾಕು, ಹಿತ್ತಲಿಗೆ ಹಿತ್ತಲೇ ಓಡಿಬರುತ್ತಿತ್ತು. ಆ ಮನೆ ಈಗಿಲ್ಲ, ಅಲ್ಲೊಂದು ಗೋದಾಮು ಎದ್ದಿದೆ. ಅಮ್ಮನೂ ಇಲ್ಲ. ಕೋಳಿಗಳ ಕೊಕ್ಕೊಕ್ಕೊ ಕೇಳುತ್ತ ಮಷಿನ್ ತುಳಿಯುವಾಗ ಮಾತ್ರ ಅಮ್ಮ ಹಿತ್ತಲಲ್ಲೇ ಎಲ್ಲೋ ಓಡಾಡಿಕೊಂಡಿದ್ದಾಳೆ ಅನ್ನಿಸುತ್ತಿತ್ತು.

ಆದರೆ ಆಸೆಯಿದ್ದಷ್ಟು ತಿಳಿವಳಿಕೆ ಇರಬೇಕಲ್ಲ? ತಳ್ಳುಗಾಡಿಯವನು ಪೆಟ್ಟಿಗೆ ತುಂಬ ಮರಿಗಳನ್ನು ತಂದಾಗ ಮುದ್ದಾಗಿ ಕಂಡದ್ದನ್ನೆಲ್ಲ ಆರಿಸಿಕೊಂಡಿದ್ದಳು. ಎಳೆಮರಿಯಲ್ಲಿ ಯಾವುದು ಹೆಣ್ಣು, ಯಾವುದು ಗಂಡು ಎಂದು ಯಾರಿಗೆ ಗೊತ್ತಾಗುತ್ತದೆ? ಬೆಳೆದ ಮೇಲೆ ನೋಡಿದರೆ ಹೇಂಟೆ ಏಳು, ಹುಂಜ ಐದು. ಇನ್ಯಾರಾದರೂ ಆಗಿದ್ದರೆ "ಅಯ್ಯೋ, ಹುಂಜ ಜಾಸ್ತಿಯಾಯಿತು" ಎನ್ನುತ್ತಿದ್ದರು. ನಮ್ಮ ಟೇಲರಕ್ಕ ಹಾಗಲ್ಲ. ಗುಂಡಿಗೊಂದು ಕಾಜ ಹೊಲಿದು ಅಭ್ಯಾಸವಾದ ಕೈ. ಎರಡು ಹೇಂಟೆಗೆ ಜೋಡಿಯಿಲ್ಲವಲ್ಲ, ಪಾಪ ಎಂದು ಮರುಗಿ ಸಂತೆಗೆ ಹೋಗಿ ಇನ್ನೆರಡು ಹುಂಜ ತಂದಳು!

ಅಲ್ಲಿಗೆ ಹಿತ್ತಲ ನೆಮ್ಮದಿ ಮುಗಿಯಿತು. ಹುಂಜಗಳು ಕಚ್ಚಾಡಿ ರಕ್ತ ಸುರಿಸಿದವು, ಹೇಂಟೆಗಳು ಮೂಲೆ ಸೇರಿದವು. ಮೊಟ್ಟೆ ಒಂದೊಂದಾಗಿ ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋಯಿತು.

ಆ ವಾರ ನಾದಿನಿ ಕೋಟಿನ ತೋಳು ಸರಿಮಾಡಿಸಲು ಬಂದಳು. ಪಶು ಆಸ್ಪತ್ರೆಯಲ್ಲಿ ಕೆಲಸ ಅವಳಿಗೆ. ದನಕ್ಕಾಗಲಿ ಕೋಳಿಗಾಗಲಿ ಲಸಿಕೆ ಹಾಕುವವಳು ಅವಳೇ. ಕೂರಲು ಹೋದವಳು ಬಗ್ಗಿ ಹೊಲಿಗೆ ಮಷಿನ್ನಿನ ಕೆಳಗೆ ನೋಡಿದಳು. ಬಿಳಿ ಹೇಂಟೆಯೊಂದು ಚಿಂದಿ ಬಟ್ಟೆಗಳ ನಡುವೆ ಮುದುರಿ ಕೂತಿತ್ತು.

"ಅತ್ತಿಗೆ, ಇದರ ಬೆನ್ನು ನೋಡಿದ್ರಾ? ಪುಕ್ಕಾನೇ ಇಲ್ಲ!"

"ಉದುರಿರ್ಬೇಕು ಕಣೇ. ಆಗಾಗ ಉದುರುತ್ತಲ್ಲ."

"ಉದುರಿದ್ದಲ್ಲ, ಕಿತ್ತದ್ದು. ಅಷ್ಟೊಂದು ಹುಂಜಗಳು ಒಂದಾದ ಮೇಲೊಂದು ಬೆನ್ನೇರಿದ್ರೆ ಇದು ಪಾಪ ಎಲ್ಲಿಗೆ ಹೋಗ್ಬೇಕು? ಹೀಗೇ ಬಿಟ್ರೆ ಇದು ಉಳಿಯಲ್ಲ ಅತ್ತಿಗೆ."

"ಅದು ಹೇಗಾಗುತ್ತೆ? ಒಂದಕ್ಕೊಂದು ಜೋಡಿ ಸರಿಯಾಗಿದೆಯಲ್ಲ!"

ನಾದಿನಿಗೆ ನಗು ತಡೆಯಲಾಗಲಿಲ್ಲ. "ಕೋಳಿಗಳಿಗೆ ಮದುವೆ ಮಾಡಿಸೋಕೆ ಹೊರಟಿದ್ದೀರಾ? ಎಂಟು ಹತ್ತು ಹೇಂಟೆಗೆ ಒಂದು ಹುಂಜ ಧಾರಾಳ ಆಯ್ತು. ಮರಿ ಮಾಡಿಸಲ್ಲ ಅನ್ನೋರಿಗೆ ಅದೂ ಬೇಡ."

"ಹುಂಜ ಇಲ್ದೆ ಮೊಟ್ಟೆ ಎಲ್ಲಿಂದ ಬರುತ್ತೆ? ನನ್ನ ಕಿವಿಗೆ ಹೂವಿಡ್ಬೇಡ."

"ಹೇಂಟೆ ತನ್ನ ಪಾಡಿಗೆ ತಾನು ಮೊಟ್ಟೆ ಇಡುತ್ತೆ. ಆ ಮೊಟ್ಟೆ ಮರಿಯಾಗ್ಬೇಕು ಅಂದ್ರೆ ಮಾತ್ರ ಹುಂಜ ಬೇಕು. ಬೇಕರಿಗೆ ಟ್ರೇಗಟ್ಲೆ ಮೊಟ್ಟೆ ಬರುತ್ತಲ್ಲ, ಅವನ್ನಿಟ್ಟ ಹೇಂಟೆಗಳು ಹುಂಜದ ಮುಖಾನೇ ನೋಡಿರಲ್ಲ. ಹೋಗ್ಲಿ, ನಿಮ್ಮಮ್ಮನ ಹಿತ್ತಲಲ್ಲಿ ಎಷ್ಟು ಹುಂಜ ಇದ್ವು?"

"ಒಂದೇ. ಕೆಂಪಗಿತ್ತು." ಟೇಲರಕ್ಕ ಹೇಳಿಬಿಟ್ಟಳು. ಹೇಳಿದ ಮೇಲೆ ತಾನೇ ತಬ್ಬಿಬ್ಬಾದಳು.

"ಹೇಂಟೆಗಳು ಮರಿ ಮಾಡ್ತಿದ್ವು ತಾನೇ? ಅದ್ರಲ್ಲಿ ಅರ್ಧ ಗಂಡೇ ಇರುತ್ತೆ. ಅವೆಲ್ಲ ಎಲ್ಲಿಗೆ ಹೋದ್ವು?"

"ಮಾವನ ಮನೆಗೆ ಹೋದ್ವು ಅಂತಿದ್ಲು ಅಮ್ಮ."

ಇಬ್ಬರೂ ನಕ್ಕರು. ನಗುತ್ತ ನಗುತ್ತ ಟೇಲರಕ್ಕನ ಕಣ್ಣು ತುಂಬಿ ಬಂತು. ಹುಂಜಗಳು ಮಾವನ ಮನೆಗೆ ಹೋದ ದಿನ ಮನೆಯಲ್ಲಿ ಬಿಸಿಬಿಸಿ ಸೂಪು. ಮಕ್ಕಳೆಲ್ಲ ಬಟ್ಟಲು ನೆಕ್ಕಿ ಮುಗಿಸುತ್ತಿದ್ದರು. ಅಮ್ಮ ಮಾತ್ರ ಹಸಿವಿಲ್ಲ ಎಂದು ನೀರು ಕುಡಿದು ಏಳುತ್ತಿದ್ದಳು. ಯಾಕೆ ಎಂದು ಒಬ್ಬರೂ ಕೇಳಿರಲಿಲ್ಲ.

"ಅವಳಿಗೂ ಕಷ್ಟ ಆಗ್ತಿತ್ತು ಕಣೇ," ಎಂದಳು ಟೇಲರಕ್ಕ ಮೂಗು ಒರೆಸಿಕೊಂಡು. "ಹೇಂಟೆಗಳು ಚೆನ್ನಾಗಿರ್ಲಿ ಅಂತ ಮನಸ್ಸು ಗಟ್ಟಿ ಮಾಡ್ಕೊಳ್ತಿದ್ಲು. ನಾನು ಅವಳ ಹಿತ್ತಲು ಬೇಕು ಅಂದೆ, ಅವಳು ಪಟ್ಟ ಪಾಡು ಬೇಡ ಅಂದೆ. ಹೇಳು, ಈಗ ಏನ್ಮಾಡ್ಲಿ?"

ನಾದಿನಿ ಪಕ್ಕದಲ್ಲೇ ಕೂತು ಬಿಡಿಸಿ ಹೇಳಿದಳು. "ಮೊದ್ಲು ಹುಂಜಗಳನ್ನ ಬೇರೆ ಗೂಡಿಗೆ ಹಾಕಿ, ಹೇಂಟೆ ಕಣ್ಣಿಗೆ ಬೀಳದ ಕಡೆ. ಕಾಳು ಕಂಡ್ರೆ ತಾನು ನುಂಗದೆ ಹೇಂಟೆಗಳನ್ನ ಕರೆಯೋದು, ಮಕ್ಕಳ ಮೇಲೆ ಎಗರದೆ ಇರೋದು ಯಾವುದು ನೋಡಿ, ಅದೊಂದನ್ನ ಇಟ್ಕೊಳ್ಳಿ. ಹುಂಜ ಬೇಕಾದೋರು ಯಾರಿದ್ದಾರೆ ಅಂತ ನಾನು ವಿಚಾರಿಸ್ತೀನಿ. ಯಾರಿಗೂ ಬೇಡವಾದದ್ದನ್ನ ಕೈ ಪಳಗಿದೋರ ಹತ್ರ ಕೊಯ್ಸಿ, ಅಡುಗೆಗೆ ಬಳಸಿ. ಕಾದಾಟಕ್ಕೆ ಕೇಳೋರಿಗೆ ಮಾತ್ರ ಕೊಡ್ಲೇಬೇಡಿ."

"ಊರಾಚೆ ಬಿಟ್ಟು ಬಂದ್ರೆ? ಹೇಗೋ ಬದುಕ್ಕೊಳ್ಳಲ್ವಾ?"

"ಅಲ್ಲಿ ನಾಯಿಗಳು ಕಾಯ್ತಾ ಇರ್ತವೆ. ಅದು ದಯೆ ಅಲ್ಲ ಅತ್ತಿಗೆ, ನಾವು ಕಣ್ಣು ಮುಚ್ಚಿಕೊಂಡ ಹಾಗೆ ಅಷ್ಟೇ."

ಅಷ್ಟರಲ್ಲಿ ನಿದ್ದೆಗಣ್ಣಲ್ಲೇ ಎದ್ದುಬಂದ ಗಂಡ ಬಾಗಿಲಿಗೆ ಒರಗಿ ನಿಂತ. "ಒಂದೇ ಇದ್ರೂ ಕೂಗದೇ ಬಿಡುತ್ತಾ? ನನ್ನ ಹಣೆಬರಹ!"

"ಕೂಗುತ್ತೆ ಅಣ್ಣಾ, ಸುಳ್ಳು ಹೇಳಲ್ಲ. ಪೈಪೋಟಿಗೆ ಇನ್ನೊಂದು ಇಲ್ದಿದ್ರೆ ಕಡಿಮೆ ಕೂಗುತ್ತೆ. ಗಾಳಿ ಆಡಬೇಕು, ಬೆಳಕು ಬೇಗ ನುಗ್ಗಬಾರದು, ಅಂಥ ಗೂಡು ಬೇಕು. ನೀನೇ ಯಾಕೆ ಮಾಡ್ಬಾರ್ದು?"

ಗೊಣಗುತ್ತಲೇ ಒಪ್ಪಿಕೊಂಡ. ಬೇಕರಿಯಲ್ಲಿ ಬಿಸಾಡಿದ್ದ ಮರದ ಪೆಟ್ಟಿಗೆಗಳನ್ನು ತಂದ. ಬೆಕ್ಕು ನುಗ್ಗದಂತೆ ತಂತಿಬಲೆ ಬಡಿದ, ಕೋಳಿಗಳು ಕೂರಲು ಅಡ್ಡಗೋಲು ಹಾಕಿದ, ನೆಲಕ್ಕೆ ಒಣ ಮರದ ಪುಡಿ ಹರಡಿದ. ನಾದಿನಿ ಲಸಿಕೆ ಹಾಕಿ, ಬೆನ್ನಿನ ಗಾಯಕ್ಕೆ ಮದ್ದು ಹಚ್ಚಿದಳು. "ದಿನವೂ ನೀರು ಬದಲಿಸಿ, ಗೂಡು ಮುಟ್ಟಿದ ಕೈ ಸೋಪು ಹಚ್ಚಿ ತೊಳೆಯಿರಿ" ಎಂದು ಹತ್ತು ಸಲ ಹೇಳಿ ಹೋದಳು.

ಒಂದು ಹುಂಜ ಹಾಲಿನವನ ಮನೆಗೆ ಹೋಯಿತು. ಇನ್ನೆರಡನ್ನು ಶಾಲೆಯ ತೋಟದವನು ತನ್ನ ದೊಡ್ಡ ಹಿಂಡಿಗೆಂದು ಒಯ್ದ. ಇಟ್ಟುಕೊಳ್ಳಲು ಆರಿಸಿದ ಒಂದನ್ನು ಬಿಟ್ಟು ಮೂರು ಉಳಿದವು. ಅವನ್ನು ಟೇಲರಕ್ಕ ಒಂದೊಂದಾಗಿ ಎದೆಗವಚಿಕೊಂಡು ತಾನೇ ಕಟುಕನ ಅಂಗಡಿಗೆ ಒಯ್ದಳು. ದಾರಿಯುದ್ದಕ್ಕೂ ಅವುಗಳ ಬೆನ್ನು ಸವರುತ್ತಿದ್ದಳು. ಕಷ್ಟವಾಯಿತು. ಅತ್ತಳು ಕೂಡ.

ಭಾನುವಾರ ಬಂತು. ಗಂಡನಿಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಹಿತ್ತಲಲ್ಲಿ ಸದ್ದಿಲ್ಲ. ದಡಬಡಿಸಿ ಎದ್ದು ಬರಿಗಾಲಲ್ಲೇ ಓಡಿದ.

"ಏನೇ, ಎಲ್ಲಾನೂ ಕೊಟ್ಟುಬಿಟ್ಯಾ? ನಾನು ಏನೋ ಸಿಟ್ಟಲ್ಲಿ ಅಂದಿದ್ದು ಕಣೇ!"

ಹೇಂಟೆಗಳು ಬೇಲಿಯ ಬುಡದಲ್ಲಿ ನೆಮ್ಮದಿಯಾಗಿ ಮಣ್ಣು ಕೆದರುತ್ತಿದ್ದವು. ಉಳಿದ ಒಂದೇ ಹುಂಜ ಕಾಳು ತೋರಿಸಿ ಅವನ್ನು ಕರೆಯುತ್ತಿತ್ತು. ಟೇಲರಕ್ಕ ಗಂಡನ ಮುಖ ನೋಡಿ ನಕ್ಕಳು. ಮೊಟ್ಟೆ ಶುರುವಾಗಲು ಇನ್ನೂ ಕೆಲವು ವಾರ ಹಿಡಿಯಿತು. ಆದರೆ ಬುಟ್ಟಿ ಹಿಡಿದು ಸಂತೆಗೆ ಹೊರಡುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಮೊನ್ನೆ ತಳ್ಳುಗಾಡಿಯವನು ಮತ್ತೆ ಬಂದಿದ್ದ. ಪಕ್ಕದ ಮನೆಯಾಕೆ ಮುದ್ದಾದ ಮರಿಗಳನ್ನು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. ನಿದ್ದೆ ಬಿಟ್ಟು ಎದ್ದುಹೋಗಿ ಅಡ್ಡ ನಿಂತದ್ದು ಯಾರು ಗೊತ್ತೇ? ಟೇಲರಕ್ಕನ ಗಂಡ! "ತಗೊಳ್ಳಿ ತಾಯಿ, ಯಾರು ಬೇಡ ಅಂತಾರೆ? ಆದ್ರೆ ಇದ್ರಲ್ಲಿ ಅರ್ಧ ಹುಂಜ ಆಗುತ್ತೆ. ಆಗೇನ್ಮಾಡ್ತೀರಿ, ಅದನ್ನ ಹೇಳಿ ಮೊದ್ಲು."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮನ್ನೂ ನಾವು ಕೇಳುವುದು ಅದನ್ನೇ. ಕೋಳಿ ಸಾಕಿ, ಖಂಡಿತ ಸಾಕಿ. ಮೊಟ್ಟೆಯಷ್ಟೇ ಸಾಕೆಂದರೆ ಬೆಳೆದ ಹೇಂಟೆಗಳನ್ನೇ ಕೇಳಿ ತನ್ನಿ, ನಾಲ್ಕೈದರಿಂದಲೇ ಶುರುಮಾಡಿ. ಗೂಡು ಮೊದಲು, ಕೋಳಿ ಆಮೇಲೆ. ಲಸಿಕೆಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಮರಿಗಳನ್ನೇ ತರುವ ಆಸೆಯಿದ್ದರೆ, ಗಾಡಿಯ ಮುಂದೆ ನಿಂತು ಆ ಹತ್ತಿಯಂಥ ಮೈ ಸವರುವಾಗಲೇ ನಿಮ್ಮನ್ನು ನೀವು ಕೇಳಿಕೊಳ್ಳಿ: ಇದು ಹುಂಜವಾದರೆ ಏನು ಮಾಡುತ್ತೇನೆ? ಉತ್ತರ ಬಾಯಿಗೆ ಬಂದ ಮೇಲೆ ಮಡಿಲೊಡ್ಡಿ.