ಆರನೆಯ ಪ್ರಶ್ನೆ

ಅಕ್ಕಿಯ ಚೀಲವೊಂದಕ್ಕೆ ಬೀಳುವ ವೆಚ್ಚವನ್ನು ಮಾನ್ವಿಯ ಗಿರಣಿಗಳು ಹೇಗೆ ಲೆಕ್ಕ ಹಾಕುತ್ತವೆ ಎಂಬುದು ಶ್ರೀಲಕ್ಷ್ಮೀಯ ಸಂಶೋಧನೆಯ ವಿಷಯ. ಹನ್ನೆರಡು ಗಿರಣಿಗಳಿಗೆ ಹಂಚಲು, ಅಲ್ಲಿ ಲೆಕ್ಕ ಬರೆಯುತ್ತಿದ್ದ ಹಳೆಯ ಮುನೀಮ ಅಮೀರ್ ಸಾಬರ ಕೈಗೆ ಪ್ರಶ್ನಾವಳಿ ಕೊಟ್ಟಿದ್ದಳು. ಸೋಮವಾರ ರಾಯಚೂರಿನಲ್ಲಿ ಮಾರ್ಗದರ್ಶಕರು ಅವಳ ಅಧ್ಯಯನ ವಿಧಾನವನ್ನು ಒಪ್ಪದಿದ್ದರೆ ಇನ್ನೂ ಆರು ತಿಂಗಳು ಕಾಯಬೇಕಿತ್ತು. ಶನಿವಾರ ಹಾಳೆಗಳು ಕೈಗೆ ಬಂದವು. ಹನ್ನೆರಡರಲ್ಲೂ ಒಂದೇ ಕೈಬರಹ.

“ಎಲ್ಲಾ ನೀವ ತುಂಬೀರೇನ್ರಿ ಸಾಬ್ರ?”

“ಮಾಲಕರಿಗೆ ಪುರಸೊತ್ತೆಲ್ಲಿ ಅದ ಯವ್ವಾ? ಹನ್ನೆರಡೂ ಕಡಿ ದುಡದೀನಿ. ಒಂದೂ ಸುಳ್ಳು ಬರ್ದಿಲ್ಲ.”

ತೌಡು ಮಾರಿದ ಹಣವನ್ನು ಅಕ್ಕಿಯ ವೆಚ್ಚದಲ್ಲಿ ಕಳೆಯುತ್ತೀರಾ ಎಂಬ ಆರನೆಯ ಪ್ರಶ್ನೆಗೆ ಮಾತ್ರ ಯಾವ ಹಾಳೆಯಲ್ಲೂ ಉತ್ತರವಿರಲಿಲ್ಲ.

“ಇದನ್ಯಾಕ ಬಿಟ್ರಿ?”

“ಉತ್ತರಕ್ಕ ಹೌದು, ಇಲ್ಲ, ಎರಡ ಬರ್ದೀದಿ. ಒಬ್ರು ಕಳೀತಾರ, ಒಬ್ರು ಆ ರೊಕ್ಕದಾಗ ಹಮಾಲರ ಕೂಲಿ ಕೊಟ್ಟು ಸುಮ್ನಾಗ್ತಾರ, ಲೆಕ್ಕದಾಗ ಬರಿಯೂದ ಇಲ್ಲ. ಕುಂದ್ರು, ಹೇಳ್ತೀನಿ.”

ಸಾಬರು ಸಂಜೆಯ ನಮಾಜಿನವರೆಗೆ ಹೇಳಿದರು, ಅವಳು ಬರೆದುಕೊಂಡಳು.

ಸೋಮವಾರ ಮಾರ್ಗದರ್ಶಕ ಜಗನ್ನಾಥ ಅವರು ಹಾಳೆಗಳನ್ನು ನೋಡಿ ನಕ್ಕರು. ಸಾಬರ ಮಾತಿನ ಟಿಪ್ಪಣಿಯನ್ನು ಮಾತ್ರ ಎರಡು ಸಲ ಓದಿದರು.

“ನಿನ್ನ ಸಮೀಕ್ಷಿ ಹೋತವ್ವಾ. ಆದ್ರ ಇದು ಛಲೋ ಅದ. ಒಂದ ಗಿರಣಿಯಾಗ ಮೂರು ತಿಂಗಳ ಕುಂತು ನೋಡು, ಪ್ರಕರಣ ಅಧ್ಯಯನ ಮಾಡು.”

ಒಪ್ಪಿಗೆಯ ಸಹಿ ಬಿತ್ತು. ಮರುದಿನ ಬೆಳಿಗ್ಗೆ ಶ್ರೀಲಕ್ಷ್ಮೀ ಖುಷಿಯಿಂದಲೇ ಮಾನ್ವಿಯ ಬಸ್ಸು ಹತ್ತಿದಳು.